ತುಪ್ಪಳ ವ್ಯಾಪಾರದ ಹಳೆಯ ಪಿಸ್ತೂಲುಗಳನ್ನು ನಾನು ಪರೀಕ್ಷಿಸುವ ಬಗೆ

ಉತ್ತರ ಅಮೆರಿಕದ ತುಪ್ಪಳ ವ್ಯಾಪಾರದ ಕಾಲಕ್ಕೆ ಸೇರಿದವೆಂದು ಮಾರಾಟಕ್ಕೆ ಬರುವ ಪಿಸ್ತೂಲುಗಳನ್ನು ಪರೀಕ್ಷಿಸಿ, ದಾಖಲಿಸಿ, ಜೋಪಾನ ಮಾಡುವ ಆಸಕ್ತಿ ನನ್ನಲ್ಲಿ ಬೆಳೆದದ್ದು ಮಿನ್ನೆಸೋಟದಲ್ಲಿ ನೆಲೆಸಿದ ಮೇಲೆ. ಇಲ್ಲಿ ಸುಪೀರಿಯರ್ ಸರೋವರದ ದಡದ ಗ್ರ್ಯಾಂಡ್ ಪೋರ್ಟೇಜ್ 18ನೇ ಶತಮಾನದ ಕೊನೆಯಲ್ಲಿ ನಾರ್ತ್ ವೆಸ್ಟ್ ಕಂಪನಿಯ ಒಳನಾಡಿನ ಕೇಂದ್ರವಾಗಿತ್ತು. 1670ರಲ್ಲಿ ಸ್ಥಾಪನೆಯಾದ ಹಡ್ಸನ್ಸ್ ಬೇ ಕಂಪನಿಯೊಡನೆ ಪೈಪೋಟಿ ನಡೆಸಿ, 1821ರಲ್ಲಿ ಅದರಲ್ಲೇ ವಿಲೀನವಾದ ಕಂಪನಿಯಿದು. ಬೀವರ್ ತುಪ್ಪಳಕ್ಕೆ ಬದಲಾಗಿ ಈ ಕಂಪನಿಗಳು ಕೊಡುತ್ತಿದ್ದ ಸರಕಿನಲ್ಲಿ ಉದ್ದ ನಳಿಗೆಯ ಕೋವಿಗೆ ದೊಡ್ಡ ಸ್ಥಾನವಿತ್ತು. ಒಂದೇ ಗುಂಡಿನ, ಸಮೀಪಕ್ಕೆ ಮಾತ್ರ ಗುರಿ ಹಿಡಿಯುವ ಪಿಸ್ತೂಲಿನಿಂದ ಬೇಟೆಗಾರನಿಗೆ ಹೆಚ್ಚಿನ ಉಪಯೋಗವಿರಲಿಲ್ಲವಾದ್ದರಿಂದ ಅದರ ಬೇಡಿಕೆ ಕಡಿಮೆಯಿತ್ತು. ಆ ಕಾರಣಕ್ಕೇ ನಿಜವಾದವು ಇಂದು ವಿರಳ, ತಿದ್ದಿದವು ಹೇರಳ.

ಕೈಗೆ ಬಂದ ಯಾವುದೇ ಪಿಸ್ತೂಲಿನಲ್ಲಿ ಮದ್ದು ತುಂಬಿದೆಯೆಂದು ಭಾವಿಸಿಯೇ ನಾನು ಕೆಲಸ ಆರಂಭಿಸುತ್ತೇನೆ. ತೆಳುವಾದ ಮರದ ಕಡ್ಡಿಯನ್ನು ನಳಿಗೆಯೊಳಗೆ ತಳದವರೆಗೆ ಇಳಿಸಿ, ಬಾಯಿಯ ಅಂಚಿನಲ್ಲಿ ಗುರುತು ಮಾಡಿ, ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದರೆ ಕಡ್ಡಿಯ ತುದಿ ಕಿಡಿ ಒಳಹೋಗುವ ತೂತಿನ ನೇರಕ್ಕೆ ಬರಬೇಕು. ಎರಡು ಮೂರು ಸೆಂಟಿಮೀಟರ್ ಮುಂದೆಯೇ ನಿಂತರೆ ಒಳಗೆ ಮದ್ದು, ಗುಂಡು ಇರುವ ಸಾಧ್ಯತೆಯಿದೆ. ಇನ್ನೂರು ವರ್ಷದ ಹಳೆಯ ಕರಿಮದ್ದೂ ಒಣಗಿದ್ದರೆ ಉರಿಯಬಲ್ಲದು. ಅಂಥದ್ದನ್ನು ನುರಿತ ಬಂದೂಕು ಕೆಲಸಗಾರನಿಗೇ ಒಪ್ಪಿಸಬೇಕು.

ಅನಂತರ ನಳಿಗೆಯ ಒಳವ್ಯಾಸವನ್ನು ಅಳೆಯುತ್ತೇನೆ. ವ್ಯಾಪಾರದ ಕೋವಿಗಳು ಸಾಮಾನ್ಯವಾಗಿ 24 ಬೋರಿನವು, ಅಂದರೆ ಒಂದು ಪೌಂಡ್ ಸೀಸದಿಂದ 24 ಗುಂಡುಗಳಾಗುವ ಅಳತೆಯವು; ಲೆಕ್ಕಕ್ಕೆ ಇದು ಸುಮಾರು 14.7 ಮಿಲಿಮೀಟರ್ ಆಗುತ್ತದೆ. ತುಕ್ಕು ತಿಂದ ನಳಿಗೆಯಲ್ಲಿ ಇದು ತುಸು ಹೆಚ್ಚಿರಬಹುದು.

ನನ್ನ ಹೆಚ್ಚಿನ ಸಮಯ ಹಿಡಿಯುವುದು ಮುದ್ರೆಗಳು, ಮುಖ್ಯವಾಗಿ ನಳಿಗೆಯ ಬಲವನ್ನು ಪರೀಕ್ಷಿಸಿದ ಮೇಲೆ ಅದರ ಮೇಲೆ ಒತ್ತುತ್ತಿದ್ದ ಮುದ್ರೆಗಳು. ಕೋಣೆಯನ್ನು ಕತ್ತಲೆ ಮಾಡಿ, ಸಣ್ಣ ಟಾರ್ಚನ್ನು ಲೋಹಕ್ಕೆ ಬಹುತೇಕ ತಾಗುವಂತೆ ಓರೆಯಾಗಿ ಹಿಡಿದರೆ, ಹಗಲಿನಲ್ಲಿ ಕಾಣದ ಅಕ್ಷರಗಳು ಎದ್ದು ಕಾಣುತ್ತವೆ. ಕಿರೀಟದ ಕೆಳಗೆ ಹೆಣೆದುಕೊಂಡ ಜಿ ಮತ್ತು ಪಿ, ಜೊತೆಗೆ ಕಿರೀಟದ ಕೆಳಗೆ ವಿ ಇದ್ದರೆ ಲಂಡನ್ನಿನ ಪರೀಕ್ಷೆ. ಅಡ್ಡ ರಾಜದಂಡಗಳ ಜೊತೆ ಬಿ, ಪಿ, ಸಿ ಅಕ್ಷರಗಳಿದ್ದರೆ ಅದು 1813ರ ಕಾಯ್ದೆಯಿಂದ ಹುಟ್ಟಿದ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ್ದು, ಆದ್ದರಿಂದ ನಳಿಗೆ ಆ ವರ್ಷಕ್ಕಿಂತ ಹಳೆಯದಾಗಿರಲಾರದು. ಅಂಡಾಕಾರದೊಳಗೆ ಇ, ಎಲ್, ಜಿ ಇದ್ದರೆ ಬೆಲ್ಜಿಯಂನ ಲಿಯೆಜ್ ಪಟ್ಟಣದ್ದು. ಲಾಕಿನ, ಅಂದರೆ ಮದ್ದಿಗೆ ಬೆಂಕಿ ಕೊಡುವ ಯಂತ್ರಭಾಗದ, ತಗಡಿನ ಮೇಲೆ ಲಂಡನ್ನಿನ ಕೋವಿ ತಯಾರಕರಾದ ಬಾರ್ನೆಟ್ ಎಂಬ ಪ್ರಸಿದ್ಧ ಹೆಸರಿದ್ದು ನಳಿಗೆಯಲ್ಲಿ ಲಿಯೆಜ್ ಮುದ್ರೆಯಿದ್ದರೆ ನಾನು ನಳಿಗೆಯನ್ನೇ ನಂಬುತ್ತೇನೆ. ಹೆಸರನ್ನು ಅನುಕರಿಸಿ ಕೆತ್ತುವುದು ಸುಲಭ, ಲಾಕನ್ನು ಬದಲಿಸುವುದು ಇನ್ನೂ ಸುಲಭ. ಕುಳಿತ ನರಿಯ ಮುದ್ರೆಯಂತೂ ವ್ಯಾಪಾರದ ಕೋವಿಗಳ ಗುರುತೆಂದು ಎಲ್ಲರಿಗೂ ಗೊತ್ತಿರುವುದರಿಂದ, ಅದನ್ನು ಕಂಡೊಡನೆ ಅಂಚುಗಳನ್ನು ಭೂತಗನ್ನಡಿಯಲ್ಲಿ ನೋಡುತ್ತೇನೆ: ಸುತ್ತಲಿನ ಲೋಹ ಗುಳಿಬಿದ್ದು ಸವೆದಿರುವಾಗ ನರಿಯ ಕಿವಿ ಮಾತ್ರ ಹರಿತವಾಗಿದ್ದರೆ ಆ ಮುದ್ರೆ ಇತ್ತೀಚಿನದು.

ಲಾಕಿನ ತಗಡಿನಲ್ಲಿ ತುಂಬಿ ಮುಚ್ಚಿದ ತಿರುಪಿನ ತೂತುಗಳಿದ್ದರೆ ಚಕಮಕಿ ಕಲ್ಲಿನ ಕಿಡಿಯಿಂದ ಹಾರುವ ಪಿಸ್ತೂಲನ್ನು ಯಾರೋ ಕೇಪಿಗೆ (ಬಡಿದರೆ ಸಿಡಿದು ಮದ್ದಿಗೆ ಬೆಂಕಿ ಕೊಡುವ ಪುಟ್ಟ ಲೋಹದ ಬಟ್ಟಲಿಗೆ) ಮಾರ್ಪಡಿಸಿದ್ದಾರೆಂದು ತಿಳಿಯಬಹುದು. ಆದರೆ ಕೇಪು ಬಂದು ದಶಕಗಳಾದ ಮೇಲೂ ದೂರದ ಕಾಡುಗಳಲ್ಲಿ ಚಕಮಕಿಯೇ ನಡೆಯುತ್ತಿತ್ತು, ಏಕೆಂದರೆ ಕೇಪು ಮುಗಿದರೆ ಕೋವಿ ನಿರುಪಯೋಗಿ.

ಪಿಸ್ತೂಲೆಂದು ಬರುವ ಕೆಲವು ನಿಜಕ್ಕೂ ಕತ್ತರಿಸಿದ ಉದ್ದ ಕೋವಿಗಳು. ಕಂಬಳಿಯೊಳಗೆ ಅಡಗಿಸಿಡಲು ಅನುಕೂಲವಾಗುವಂತೆ ನಳಿಗೆಯನ್ನೂ ಹಿಂದಿನ ಮರವನ್ನೂ ಗರಗಸದಿಂದ ಕೊಯ್ದು ಇವನ್ನು ಮಾಡಿಕೊಳ್ಳುತ್ತಿದ್ದರು. ವ್ಯಾಪಾರದ ಕೋವಿಯ ನಳಿಗೆ ಬುಡದಲ್ಲಿ ಎಂಟು ಪಟ್ಟಿಯಾಗಿದ್ದು, ಮುಂದೆ ದುಂಡಾಗಿ ತುದಿಯತ್ತ ತೆಳುವಾಗುತ್ತದೆ. ಕೊಯ್ದಾಗ ಬಾಯಿಯ ಬಳಿ ಲೋಹ ದಪ್ಪವಾಗಿಯೇ ಉಳಿಯುತ್ತದೆ, ಗುರಿಕಾಯಿ ಇರುವುದಿಲ್ಲ, ಕೈಗವಸು ತೊಟ್ಟ ಬೆರಳಿಗೂ ಜಾಗವಿರಲೆಂದು ಟ್ರಿಗರ್ ಸುತ್ತ ಮಾಡಿದ ದೊಡ್ಡ ಕಬ್ಬಿಣದ ಕಾಪು ಸಣ್ಣ ಹಿಡಿಗೆ ಅಳತೆ ಮೀರಿ ಕಾಣುತ್ತದೆ. ಲಾಕಿಗೆ ಎದುರಿನ ಬದಿಯಲ್ಲಿ ಹಿತ್ತಾಳೆಯ ಹಾವಿನ ಅಲಂಕಾರವೂ ಇದ್ದರೆ ಅನುಮಾನ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಇವನ್ನು ಕೀಳೆಂದು ಬದಿಗಿಡುವ ಸಂಗ್ರಾಹಕರ ಮಾತನ್ನು ನಾನು ಒಪ್ಪುವುದಿಲ್ಲ. ಕೊಯ್ದ ಅಂಚಿನಲ್ಲೂ ಗಾಢ ಕಂದು ಬಣ್ಣ ಕೂತಿದ್ದರೆ ಆ ಕೆಲಸ ಬಳಸಿದವರದೇ ಇರಬಹುದು, ಹಾಗಾಗಿ ಮುದ್ರೆಯಿಲ್ಲದ ಸುಂದರ ಪಿಸ್ತೂಲಿಗಿಂತ ಅದು ನನಗೆ ಹೆಚ್ಚು ಬೆಲೆಯುಳ್ಳದ್ದು.

ಸ್ವಚ್ಛಗೊಳಿಸುವಾಗ ಆಮ್ಲ, ತಂತಿಬ್ರಷ್, ಹಿತ್ತಾಳೆ ಹೊಳಪಿನ ಪುಡಿ ಇವನ್ನು ಹತ್ತಿರಕ್ಕೂ ತರುವುದಿಲ್ಲ. ಧೂಳನ್ನು ಮೃದುವಾದ ಬ್ರಷ್‌ನಿಂದ ತೆಗೆದು, ಲೋಹಕ್ಕೆ ರಿನೇಸಾನ್ಸ್ ವ್ಯಾಕ್ಸ್ ಎಂಬ ರಕ್ಷಣಾ ಮೇಣದ ತೆಳುಪದರ ಹಚ್ಚಿ, ಬಟ್ಟೆಯಿಂದ ಒರೆಸುತ್ತೇನೆ. ಎಣ್ಣೆ ಮರಕ್ಕೆ ಇಳಿಯದಂತೆ ನೋಡಿಕೊಳ್ಳುತ್ತೇನೆ. ಹತ್ತಿ ಕೈಗವಸು ತೊಟ್ಟೇ ಹಿಡಿಯುತ್ತೇನೆ, ಏಕೆಂದರೆ ಬೆವರಿನ ಉಪ್ಪು ಹಳೆಯ ಕಬ್ಬಿಣಕ್ಕೆ ತುಕ್ಕು ತರುತ್ತದೆ. ದಾಖಲೆಯಲ್ಲಿ "ಬಾರ್ನೆಟ್ ತಯಾರಿಸಿದ್ದು" ಎನ್ನುವ ಬದಲು "ಲಾಕಿನ ಮೇಲೆ ಬಾರ್ನೆಟ್ ಎಂಬ ಹೆಸರಿದೆ" ಎಂದೇ ಬರೆದು, ಪ್ರತಿ ಮುದ್ರೆಯ ಓರೆಬೆಳಕಿನ ಚಿತ್ರವನ್ನು ಅದರ ಜೊತೆಗಿಡುತ್ತೇನೆ.