38 ಪೌಂಡಿನ ಬಿಲ್ಲಿಗೆ ದೀಪದ ನಾಕ್

ಭುಜದ ಆಪರೇಷನ್ ಆದಮೇಲೆ 55 ಪೌಂಡು ಎಳೆತದ ಕಾಂಪೌಂಡ್ (ತುದಿಗಳಲ್ಲಿ ರಾಟೆಯಿರುವ) ಬಿಲ್ಲು ಬಿಟ್ಟು 38ರದ್ದನ್ನು ಹಿಡಿದೆ. ಎಳೆಯುವುದೇನೋ ಸಲೀಸಾಯಿತು. ಆದರೆ ಹಿಂದೆಲ್ಲ ಯೋಚನೆಯೇ ಇಲ್ಲದೆ ಸಿಕ್ಕಿಸಿಕೊಳ್ಳುತ್ತಿದ್ದ ದೀಪದ ನಾಕ್ ಕೈಕೊಡತೊಡಗಿತು. ನಾಕ್ ಎಂದರೆ ಬಾಣದ ಬಾಲದ ತುದಿಯಲ್ಲಿ ಹೆದೆಗೆ ಸಿಕ್ಕಿಸುವ ತುಂಡು; ದೀಪದ್ದರಲ್ಲಿ ಬಾಣ ಬಿಟ್ಟೊಡನೆ ಪುಟ್ಟ ದೀಪ ಹೊತ್ತುತ್ತದೆ. ಒಂದು ಸಂಜೆ ಬಿಟ್ಟ ಐದು ಬಾಣಗಳಲ್ಲಿ ಎರಡು ಹೊತ್ತಲೇ ಇಲ್ಲ. ಅವುಗಳಲ್ಲೊಂದು ಗುರಿ ತಪ್ಪಿ ಹುಲ್ಲಿನೊಳಗೆ ನುಸುಳಿ, ಮರುದಿನ ಬೆಳಗ್ಗೆ ನನ್ನ ಬೂಟಿಗೆ ಎಡವಿ ಸಿಕ್ಕಿತು.

ನಾನು ಬಳಸುವ ಬಗೆಯ ನಾಕ್‌ನಲ್ಲಿ, ನಾಕ್‌ಗೂ ಬಾಣದ ಕೊಳವೆಯ ಅಂಚಿಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಹೆದೆ ದೂಡಿದ ರಭಸಕ್ಕೆ ಆ ಸಂದು ಮುಚ್ಚಿ, ಒಳಗಿನ ಸ್ವಿಚ್ ಒತ್ತಿಕೊಂಡು ದೀಪ ಹೊತ್ತುತ್ತದೆ. ಬಿರುಸಿನ ಬಿಲ್ಲಾದರೆ ನಾಕ್ ಎಷ್ಟು ಬಿಗಿಯಾಗಿದ್ದರೂ ಒಳಗೆ ತಳ್ಳಿಬಿಡುತ್ತದೆ. ನಮ್ಮಂಥವರ ಬಿಲ್ಲಿಗೆ ಆ ಬಲವಿಲ್ಲ.

ಹಾಗಾಗಿ ಮೊದಲು ಅಳತೆ ನೋಡಿ. ಕೊಳವೆಯ ಒಳವ್ಯಾಸ 0.246, 0.204, 0.166 ಇಂಚು ಹೀಗೆ ಬೇರೆಬೇರೆ ಇರುತ್ತದೆ. ನಿಮ್ಮದಕ್ಕೆ ಹೊಂದುವುದನ್ನೇ ತನ್ನಿ. ಕೊಳವೆಯ ಬಾಯನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ನನ್ನ ಎರಡೂ ಬಾಣಗಳಲ್ಲಿ ಹಳೆಯ ಅಂಟಿನ ಚೂರು ಒಳಗೆ ಕಚ್ಚಿಕೊಂಡಿತ್ತು, ಅಷ್ಟೇ. ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಎಂದು ದೀಪ ಹೊತ್ತಬೇಕು. ಬಾಣವನ್ನು ತಲೆಕೆಳಗಾಗಿ ಹಿಡಿದು ಕೊಡವಿದರೆ ನಾಕ್ ಉದುರಬಾರದು. ಇನ್ನೂ ಬಿಗಿಯೆನಿಸಿದರೆ ನಾಕ್‌ನ ಕಾಂಡವನ್ನು ನಯವಾದ ಮರಳುಕಾಗದದಿಂದ ಎರಡೇ ಎರಡು ಸಲ ಉಜ್ಜಿ. ಕೊಳವೆಯನ್ನು ಮಾತ್ರ ಉಜ್ಜಬೇಡಿ.

ಹೆದೆಯ ಮೇಲೂ ಹೀಗೆಯೇ. ಸಿಕ್ಕಿಸಿದಾಗ ಕಚ್ಚಿ ನಿಲ್ಲಬೇಕು, ಬೆರಳಲ್ಲಿ ಹೆದೆಯನ್ನು ತಟ್ಟಿದರೆ ಬಿಡಬೇಕು. ತೀರ ಬಿಗಿಯಾದರೆ ಹೆದೆಗೆ ನಾಕ್ ಕೂರುವಲ್ಲಿ ಸುತ್ತಿರುವ ಸರ್ವಿಂಗ್ ದಾರವನ್ನು ತೆಳುವಾದದ್ದಕ್ಕೆ ಬದಲಿಸಿ. ಸಡಿಲವಾದ ನಾಕ್ ಇನ್ನೂ ಅಪಾಯ: ಎಳೆದಾಗ ಜಾರಿದರೆ ಬರಿ ಹೆದೆ ಬಿಟ್ಟಂತಾಗಿ ಬಿಲ್ಲೇ ಮುರಿಯಬಹುದು.

ಇನ್ನು ತೂಕ. ಮಾಮೂಲಿ ನಾಕ್ ಸುಮಾರು 8–10 ಗ್ರೇನ್, ದೀಪದ್ದು 20–25 (ಹದಿನೈದು ಗ್ರೇನ್ ಎಂದರೆ ಸುಮಾರು ಒಂದು ಗ್ರಾಂ). ಹದಿನೈದು ಗ್ರೇನ್ ಏನು ಮಹಾ ಎಂದುಕೊಂಡಿದ್ದೆ. ಆದರೆ 27 ಇಂಚಿನ, 380 ಗ್ರೇನಿನ ನನ್ನ ಬಾಣವನ್ನು ಚಾಕುವಿನ ಅಲಗಿನ ಮೇಲೆ ತೂಗಿ ನೋಡಿದರೆ, ಸಮತೋಲದ ಬಿಂದು ಅರ್ಧ ಇಂಚಿಗೂ ಹೆಚ್ಚು ಹಿಂದಕ್ಕೆ ಸರಿದಿತ್ತು. ಮುಂಭಾರ, ಅಂದರೆ ಸಮತೋಲದ ಬಿಂದು ಬಾಣದ ನಡುವಿನಿಂದ ಎಷ್ಟು ಮುಂದಿದೆ ಎಂಬ ಲೆಕ್ಕ, ಬಾಣದ ಉದ್ದದ ಎರಡು ಶೇಕಡಾಕ್ಕೂ ಮಿಕ್ಕಿ ಇಳಿದಂತೆ. ಬಾಣದ ಬಾಲ ಅಲ್ಲಾಡುತ್ತಿರುವುದನ್ನು ದೀಪವೇ ಹೇಳಿಕೊಟ್ಟಿತು: ಮುಸ್ಸಂಜೆಯಲ್ಲಿ ನೆಟ್ಟಗೆ ಹೋಗಬೇಕಾದ ಹಸಿರು ಗೆರೆ ಸುರುಳಿ ಸುತ್ತುತ್ತಿತ್ತು. 100 ಗ್ರೇನಿನ ಮೊನೆ ತೆಗೆದು 125ರದ್ದು ಹಾಕಿದೆ, ಸಮತೋಲ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೆ ಬಂತು. ವೇಗ ಒಂದಿಷ್ಟು ತಗ್ಗಿತು, ಬಾಣ ಕೆಳಗೆ ಬಿತ್ತು, ಗುರಿ ನೋಡುವ ಸೈಟ್ ಪಿನ್ ಇಳಿಸಿಕೊಂಡೆ. ಹಗುರ ಬಿಲ್ಲಿಗೆ ನಾಟುವ ಶಕ್ತಿ ಬರುವುದು ಬಾಣದ ತೂಕದಿಂದಲೇ, ಆದ್ದರಿಂದ ನನಗೇನೂ ನಷ್ಟವಾದಂತೆ ಅನಿಸಲಿಲ್ಲ. ಮೊನೆ ಭಾರವಾದಷ್ಟೂ ಬಾಣ ಹೆಚ್ಚು ಬಾಗುತ್ತದೆ, ಹಾಗಾಗಿ ಕಾಗದದ ಮೂಲಕ ಬಾಣ ಬಿಟ್ಟು ಅದು ಹರಿದ ಬಗೆ ನೋಡುವ ಪರೀಕ್ಷೆ ಮತ್ತೊಮ್ಮೆ ಆಗಲೇಬೇಕು. ಅಭ್ಯಾಸವನ್ನೂ ಅದೇ ತೂಕದ ನಾಕ್‌ನಲ್ಲೇ ಮಾಡಿ.

ಬೇಟೆಯ ನಿಯಮಗಳನ್ನು ಮೊದಲೇ ವಿಚಾರಿಸಿ. ಬಿಲ್ಲುಬೇಟೆಯ ದಾಖಲೆಗಳನ್ನಿಡುವ ಅಮೆರಿಕದ ಪೋಪ್ ಅಂಡ್ ಯಂಗ್ ಕ್ಲಬ್ ತನ್ನ ದಾಖಲೆಗಳಿಗೆ ದೀಪದ ನಾಕ್ ಒಪ್ಪಿದ್ದು 2014ರಲ್ಲಿ. ಅಂತರರಾಷ್ಟ್ರೀಯ ಬಿಲ್ಲುಗಾರಿಕೆ ಸಂಸ್ಥೆಯಾದ ವರ್ಲ್ಡ್ ಆರ್ಚರಿಯ ಸ್ಪರ್ಧೆಗಳಲ್ಲಿ ಅದಕ್ಕೆ ಜಾಗವಿಲ್ಲ. ಬೇಟೆಯೇ ನಿಷಿದ್ಧವಾದ ಕಡೆ ಗುರಿಹಲಗೆಗಷ್ಟೇ ಸಾಕು. ಹಗುರ ಬಿಲ್ಲಿನ ಬಾಣ ಎಷ್ಟೋ ಸಲ ಪ್ರಾಣಿಯನ್ನು ದಾಟಿ ಹೋಗುವುದಿಲ್ಲ, ದೀಪ ಅದರ ಮೈಯಲ್ಲೇ ಓಡುತ್ತದೆ. ಅದು ಕಂಡಿತೆಂದು ಬೆನ್ನಟ್ಟಬೇಡಿ. ಬಾಣ ಎಲ್ಲಿ ತಾಗಿತು, ದೀಪ ಯಾವ ಕಡೆ ಮರೆಯಾಯಿತು ಎಂಬುದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡು ಕೂತಲ್ಲೇ ಕಾಯಿರಿ. ದೀಪ ಇದೆಯೆಂದು ದೂರಕ್ಕೆ ಕೈಹಾಕುವುದೂ ಬೇಡ. ನನ್ನ ಗಡಿ 20 ಗಜ.

ಆರಿಸಲು ನಾಕ್ ತಿರುಚಬೇಡಿ, ಗರಿಗಳ ಸಾಲು ತಪ್ಪುತ್ತದೆ. ತೆಳು ಅಲಗನ್ನು ಸಂದಿಗೆ ಹಾಕಿ ನೇರವಾಗಿ ಹಿಂದಕ್ಕೆ ಮೀಟಿ. ಮರೆತು ಹಾಗೆಯೇ ಇಟ್ಟು, ನಾನೊಮ್ಮೆ ರಾತ್ರಿಯಿಡೀ ಬತ್ತಳಿಕೆಯೊಳಗೆ ದೀಪೋತ್ಸವ ನಡೆಸಿದ್ದೇನೆ.