ಬ್ರಾಂಡ್‌ಗೆ ಡಾಟ್ ಇನ್ ಬೇಲಿ: ಹಾಕುವುದು ಹೀಗೆ

ಡಾಟ್ ಇನ್ (.in) ಎಂದು ಮುಗಿಯುವ ವೆಬ್ ವಿಳಾಸ ಕೊಳ್ಳಲು ಭಾರತದಲ್ಲಿ ವ್ಯಾಪಾರ ಇರಬೇಕೆಂದಿಲ್ಲ, ಅಂಗಡಿ ಲೈಸೆನ್ಸೂ ಬೇಡ. 2005ರಲ್ಲಿ ನೋಂದಣಿ ಎಲ್ಲರಿಗೂ ಮುಕ್ತವಾದಂದಿನಿಂದ ಮೊದಲು ಬಂದವರಿಗೇ ಹೆಸರು. ಗುರುತಿನ ದಾಖಲೆ ಕೇಳುತ್ತಾರೆ, ನಿಜ. ಆದರೆ ಕೊಳ್ಳುವವ ಯಾರು ಎಂದು ನೋಡುತ್ತಾರೆಯೇ ಹೊರತು ಆ ಬ್ರಾಂಡ್ ಅವನದೇ ಎಂದು ಯಾರೂ ಪರೀಕ್ಷಿಸುವುದಿಲ್ಲ. ನಿಮ್ಮ ಸಾರಿನ ಪುಡಿಯ ಹೆಸರನ್ನು ನಾಳೆ ಯಾರು ಬೇಕಾದರೂ ಬರೆಸಿಕೊಳ್ಳಬಹುದು.

ಮೊದಲು ಸ್ಪೆಲಿಂಗ್

ಕನ್ನಡದ ಹೆಸರುಗಳಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಹತ್ತು ವೇಷ. ‘ಶ್ರೀ’ ಒಂದನ್ನೇ ಎಸ್‌ಆರ್‌ಐ, ಎಸ್‌ಎಚ್‌ಆರ್‌ಐ, ಎಸ್‌ಎಚ್‌ಆರ್‌ಇಇ ಎಂದೆಲ್ಲ ಬರೆಯುತ್ತಾರೆ. ‘ಲಕ್ಷ್ಮಿ’ಯಲ್ಲಿ ಕೆಲವರಿಗೆ ಕೆಎಸ್‌ಎಚ್, ಕೆಲವರಿಗೆ ಎಕ್ಸ್. ನಾಲ್ಕೈದು ಗಿರಾಕಿಗಳಿಗೆ ಫೋನಿನಲ್ಲಿ ಹೆಸರು ಹೇಳಿ, ಟೈಪ್ ಮಾಡಿ ಕಳಿಸಲು ಕೇಳಿ. ಬೋರ್ಡಿನಲ್ಲಿರುವ ರೂಪವೇ ಮುಖ್ಯ ವಿಳಾಸವಾಗಲಿ. ಗಿರಾಕಿಗಳು ಹೆಚ್ಚಾಗಿ ತಪ್ಪುವ ಒಂದೆರಡು ರೂಪಗಳನ್ನೂ ಕೊಳ್ಳಿ. ಎಲ್ಲವನ್ನೂ ಕೊಳ್ಳಹೋದರೆ ವರ್ಷವರ್ಷವೂ ನವೀಕರಣದ ಹೊರೆ. ಅಕ್ಷರ, ಅಂಕಿ, ಹೈಫನ್ ಮಾತ್ರ ನಡೆಯುತ್ತವೆ. ಹೈಫನ್ ಮೊದಲಿಗೂ ಕೊನೆಗೂ ಬರುವಂತಿಲ್ಲ.

ಡಾಟ್ ಇನ್ ಕೊಂಡ ಮಾತ್ರಕ್ಕೆ ಡಾಟ್ ಸಿಒ ಡಾಟ್ ಇನ್ ತಾನಾಗಿ ಬರುವುದಿಲ್ಲ, ಅದು ಬೇರೆಯೇ ನೋಂದಣಿ. ವ್ಯಾಪಾರಕ್ಕೆ ಈ ಎರಡು ಸಾಕು. ಕನ್ನಡ ಲಿಪಿಯ ಡಾಟ್ ಭಾರತವೂ ಇದೆ. ಆದರೆ ಕೆಲವು ಆನ್‌ಲೈನ್ ಫಾರಂಗಳು ಅಂಥ ಇಮೇಲ್ ವಿಳಾಸವನ್ನು ಈಗಲೂ ಒಪ್ಪುವುದಿಲ್ಲ, ಹಾಗಾಗಿ ಅದೊಂದನ್ನೇ ನಂಬಿ ಕೂರಬೇಡಿ.

ಟ್ರೇಡ್‌ಮಾರ್ಕ್ ನೋಡಿ

ಹೆಸರು ಖಾಲಿ ಇದೆಯೆಂದರೆ ಅದು ನಿಮ್ಮದು ಎಂದಲ್ಲ. ಕೇಂದ್ರದ ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ನಿಮ್ಮ ಸರಕಿನ ವರ್ಗ (ಒಟ್ಟು 45 ವರ್ಗಗಳಿವೆ) ಆರಿಸಿ ಹುಡುಕಿ. ಬೇರೆಯವರದ್ದಿಲ್ಲವೆಂದು ಖಚಿತವಾದರೆ ಟ್ರೇಡ್‌ಮಾರ್ಕ್ ಅರ್ಜಿಯನ್ನೂ ಹಾಕಿಬಿಡಿ. ಡೊಮೈನ್, ಅಂದರೆ ವೆಬ್ ವಿಳಾಸದ ಹೆಸರು, ಕೊಂಡ ಮಾತ್ರಕ್ಕೆ ಬ್ರಾಂಡಿನ ಹಕ್ಕು ಸಿಗುವುದಿಲ್ಲ.

ಫಾರಂ ತುಂಬುವಾಗ

ಡಾಟ್ ಇನ್ ನೋಡಿಕೊಳ್ಳುವುದು ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ಮಾರುವುದು ಅದು ಮಾನ್ಯ ಮಾಡಿದ ರಿಜಿಸ್ಟ್ರಾರ್‌ಗಳು. ಮೊದಲ ವರ್ಷದ ಅಗ್ಗದ ದರಕ್ಕೆ ಮರುಳಾಗದೆ ನವೀಕರಣದ ದರ ನೋಡಿ. ಒಂದರಿಂದ ಹತ್ತು ವರ್ಷಕ್ಕೆ ನೋಂದಾಯಿಸಬಹುದು.

ಎಡವಟ್ಟು ಹೆಚ್ಚಾಗಿ ಆಗುವುದು ಇಲ್ಲೇ. ವೆಬ್‌ಸೈಟ್ ಮಾಡಿಕೊಡುವ ಹುಡುಗ ತನ್ನ ಖಾತೆಯಲ್ಲಿ, ತನ್ನ ಹೆಸರಿನಲ್ಲಿ, ತನ್ನ ಇಮೇಲ್ ಹಾಕಿ ಕೊಂಡುಬಿಡುತ್ತಾನೆ. ದುಡ್ಡು ನಿಮ್ಮದು, ಒಡೆತನ ಅವನದು! ‘ರಿಜಿಸ್ಟ್ರಂಟ್’ (ಡೊಮೈನಿನ ಒಡೆಯ) ಕಾಲಂನಲ್ಲಿ ಸಂಸ್ಥೆಯ ಹೆಸರಿರಲಿ, ಖಾತೆ ಮಾಲೀಕರ ಕೈಯಲ್ಲಿರಲಿ, ಬಿಲ್ಲೂ ಸಂಸ್ಥೆಯ ಹೆಸರಿಗೇ ಬರಲಿ. ಸಂಪರ್ಕದ ಇಮೇಲ್ ಅದೇ ಡೊಮೈನಿನದ್ದಾಗದಿರಲಿ: ಡೊಮೈನ್ ನಿಂತ ದಿನ ಆ ಇಮೇಲೂ ನಿಲ್ಲುತ್ತದೆ, ನವೀಕರಣದ ಎಚ್ಚರಿಕೆ ತಲುಪುವುದೇ ಇಲ್ಲ. ಸುಳ್ಳು ವಿವರ ಕೊಟ್ಟರೆ ಡೊಮೈನ್ ಅಮಾನತಾಗಬಹುದು.

ಬೀಗ, ದಾರಿ

ಡೊಮೈನ್ ಬೇರೆಡೆ ಹೋಗದಂತೆ ತಡೆಯುವ ಟ್ರಾನ್ಸ್‌ಫರ್ ಲಾಕ್ ಮತ್ತು ಎರಡು ಹಂತದ ಲಾಗಿನ್ ಆನ್ ಮಾಡಿ. ಡೊಮೈನನ್ನು ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲು ಬೇಕಾಗುವ ಆಥ್ ಕೋಡ್ ಯಾರಿಗೂ ವಾಟ್ಸ್‌ಆ್ಯಪ್ ಮಾಡಬೇಡಿ. ಹೆಚ್ಚುವರಿ ಹೆಸರುಗಳಿಗೆ 301 ರೀಡೈರೆಕ್ಟ್ ಹಾಕಿದರೆ ಗಿರಾಕಿ ಮುಖ್ಯ ತಾಣಕ್ಕೇ ಬರುತ್ತಾನೆ. ಅವುಗಳಿಂದ ಇಮೇಲ್ ಕಳಿಸದಿದ್ದರೆ ಅದನ್ನೂ ಡಿಎನ್‌ಎಸ್‌ನಲ್ಲಿ (ಡೊಮೈನಿನ ತಾಂತ್ರಿಕ ದಾಖಲೆಗಳಿರುವ ಕಡೆ) ಹೇಳಿಬಿಡಬೇಕು. ಯಾರು ಇಮೇಲ್ ಕಳಿಸಬಹುದೆಂದು ಹೇಳುವ ಎಸ್‌ಪಿಎಫ್ ದಾಖಲೆಯಲ್ಲಿ ‘ಯಾರಿಗೂ ಅನುಮತಿ ಇಲ್ಲ’, ನಕಲಿ ಇಮೇಲನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್‌ನಲ್ಲಿ ‘ರಿಜೆಕ್ಟ್’ ಎಂದಿಡಿ. ಇಲ್ಲದಿದ್ದರೆ ನಿಮ್ಮದೇ ಹೆಸರಿನಿಂದ ನಕಲಿ ಬಿಲ್ ಕಳಿಸುವವರಿಗೆ ಬಾಗಿಲು ತೆರೆದಿಟ್ಟಂತೆ.

ಆಟೊ ರಿನ್ಯೂವಲ್ ಇದ್ದರೂ ಕಾರ್ಡಿನ ಅವಧಿ ಮುಗಿದು ಪಾವತಿ ತಪ್ಪುವುದುಂಟು. ಆಮೇಲೆ ಡೊಮೈನ್ ರಿಡೆಂಪ್ಷನ್‌ಗೆ, ಅಂದರೆ ಹಳೆಯ ಒಡೆಯ ಬಿಡಿಸಿಕೊಳ್ಳುವ ಕೊನೆಯ ಅವಧಿಗೆ, ಬೀಳುತ್ತದೆ. ಆ 30 ದಿನಗಳಲ್ಲಿ ಬಿಡಿಸಿಕೊಳ್ಳಲು ದಂಡ ಜೋರಾಗಿಯೇ ಇರುತ್ತದೆ. ಅದೂ ಕಳೆದರೆ ಹೆಸರು ಮತ್ತೆ ಸಂತೆಗೆ. ‘ವಿದೇಶದ ಕಂಪನಿಯೊಂದು ನಿಮ್ಮ ಹೆಸರು ಕೊಳ್ಳುತ್ತಿದೆ, ಇಂದೇ ನಮ್ಮಲ್ಲಿ ನೋಂದಾಯಿಸಿ’ ಎಂಬ ಪತ್ರ ಬಂದರೆ ಅಳಿಸಿಹಾಕಿ, ಅದು ಹಳೆಯ ಮೋಸ.

ಬೇರೆಯವರು ಕೊಂಡುಬಿಟ್ಟಿದ್ದರೆ

ಡಾಟ್ ಇನ್ ಹೆಸರುಗಳ ವ್ಯಾಜ್ಯ ಬಗೆಹರಿಸುವ ಐಎನ್‌ಡಿಆರ್‌ಪಿ ನೀತಿಯಡಿ ನಿಕ್ಸಿಗೆ ದೂರು ಕೊಡಬಹುದು. ಮೂರು ಸಂಗತಿ ಸಾಬೀತಾಗಬೇಕು: ಡೊಮೈನ್ ನಿಮ್ಮ ಹೆಸರನ್ನು ಅಥವಾ ಟ್ರೇಡ್‌ಮಾರ್ಕನ್ನು ಹೋಲುತ್ತದೆ, ಕೊಂಡವನಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ದುರುದ್ದೇಶವಿದೆ. ಗೆದ್ದರೆ ಮಧ್ಯಸ್ಥಗಾರರು ಡೊಮೈನನ್ನು ನಿಮಗೆ ವರ್ಗಾಯಿಸಬಹುದು ಅಥವಾ ರದ್ದು ಮಾಡಬಹುದು. ನಷ್ಟ ಪರಿಹಾರ ಬೇಕಿದ್ದರೆ ಕೋರ್ಟೇ ಗತಿ. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂಥ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿತು. ಆ ವ್ಯಾಜ್ಯ ಶುರುವಾದದ್ದು ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲೇ.

ಹೆಸರು ಮೊದಲು ಬಳಸಿದ ಕಾಲದ ಬಿಲ್ಲು, ಜಾಹೀರಾತು, ಲೇಬಲ್ ತೆಗೆದಿಡಿ. ಕೊಂಡವನ ತಾಣದ ಸ್ಕ್ರೀನ್‌ಶಾಟ್ ತಾರೀಖು ಸಮೇತ ಇರಲಿ. ಕೊಂಡವನು ‘ಇಷ್ಟು ಲಕ್ಷ ಕೊಟ್ಟರೆ ಬಿಡುತ್ತೇನೆ’ ಎಂದು ಬರೆದರೆ ಸಿಟ್ಟಿನಲ್ಲಿ ಅಳಿಸಬೇಡಿ. ದುರುದ್ದೇಶ ತೋರಿಸಲು ಅಂಥ ಇಮೇಲ್ ಒಳ್ಳೆಯ ಪುರಾವೆ.