ವೊಲೊಂಗಾಂಗ್ ಕರಾವಳಿಯಲ್ಲಿ ಊರು ಹುಡುಕಿದ್ದು: ದೊಡ್ಡ ಮಕ್ಕಳ ಜೊತೆ ವಲಸೆ ಬಂದ ನನ್ನ ಅನುಭವ

ಆಸ್ಟ್ರೇಲಿಯಾದಲ್ಲಿ, ಸಿಡ್ನಿಯ ದಕ್ಷಿಣಕ್ಕಿರುವ ಕಡಲ ಊರು ವೊಲೊಂಗಾಂಗ್‌ನಲ್ಲಿ ಮಗಳ ಯೂನಿವರ್ಸಿಟಿಯ ಮೊದಲ ಸೆಮಿಸ್ಟರ್ ಮುಗಿಯಿತು. ಫೀಸು ಇಲ್ಲಿನ ಮಕ್ಕಳು ಕಟ್ಟುವಷ್ಟೇ ಕಟ್ಟಿದೆವು. ಮೂರೂವರೆ ವರ್ಷದ ಹಿಂದೆ ನಾನು ಹೀಗಾಗುತ್ತೆ ಅಂದಾಗ ಮನೆಯಲ್ಲಿ ಒಬ್ಬರೂ ನಂಬಿರಲಿಲ್ಲ. ಹದಿನೈದು ವರ್ಷದ ಮಗಳು, ಹದಿಮೂರರ ಮಗ, ನಲವತ್ತು ದಾಟಿದ ಗಂಡ ಹೆಂಡತಿ. ಈ ವಯಸ್ಸಲ್ಲಿ ದೇಶ ಬಿಡೋದೇ ತಪ್ಪು, ಅದರಲ್ಲೂ ಸಿಡ್ನಿ ಬಿಟ್ಟು ಕಡಲ ಪಕ್ಕದ ಸಣ್ಣ ಊರಿಗೆ ಹೋಗೋದು ಇನ್ನೂ ದೊಡ್ಡ ತಪ್ಪು ಅಂತ ಎಲ್ಲರೂ ಹೇಳಿದರು. ಈಗ ಅದೇ ಜನ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಸ್ಕಿಲ್ ಅಸೆಸ್‌ಮೆಂಟ್, ಇಂಗ್ಲಿಷ್ ಪರೀಕ್ಷೆ ಎಲ್ಲ ನಿಮಗೆ ಗೊತ್ತಿರೋದೇ. ನಾನು ನರ್ಸ್. ದೊಡ್ಡ ಮಕ್ಕಳಿರುವ ನಮ್ಮಂಥವರ ಕಷ್ಟ ಬೇರೆ. ಇಲ್ಲಿನ ವೀಸಾ ಸಿಗೋದು ಪಾಯಿಂಟ್ ಲೆಕ್ಕದ ಮೇಲೆ, ನಲವತ್ತು ದಾಟಿದ ತಕ್ಷಣ ವಯಸ್ಸಿನ ಪಾಯಿಂಟ್ 25ರಿಂದ 15ಕ್ಕೆ ಇಳಿಯುತ್ತದೆ. ಆ ಹಳ್ಳ ತುಂಬಿಸೋಕೆ ನನಗೆ ಸಿಕ್ಕಿದ್ದು 491 ಅನ್ನುವ ತಾತ್ಕಾಲಿಕ ರೀಜನಲ್ ವೀಸಾ. ಅದು 15 ಪಾಯಿಂಟ್ ಕೊಡುತ್ತದೆ. ಆದರೆ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಈ ಮೂರು ಬಿಟ್ಟು ರೀಜನಲ್ ಅಂತ ಗುರುತಿಸಿದ ಜಾಗದಲ್ಲೇ ಇರಬೇಕು. ಕೆಲಸವೂ ಅಲ್ಲೇ, ಮಕ್ಕಳ ಓದೂ ಅಲ್ಲೇ. ಇದನ್ನು ಎಷ್ಟೋ ಜನ ಸರಿಯಾಗಿ ಓದುವುದಿಲ್ಲ. ಕಡಲ ಊರಲ್ಲಿ ಮನೆ ಮಾಡಿ, ರೈಲಲ್ಲಿ ಸಿಡ್ನಿಗೆ ಕೆಲಸಕ್ಕೆ ಹೋಗ್ತೀವಿ ಅಂತ ಪ್ಲಾನ್ ಹಾಕಿದ ಒಂದು ಕುಟುಂಬಕ್ಕೆ ನಾನೇ ಕೂತು ಬಿಡಿಸಿ ಹೇಳಿದ್ದೇನೆ. ನಾವು ನಾಲ್ಕು ಜನರ ಅರ್ಜಿಗೆ ಕಟ್ಟಿದ್ದು ಎಂಟು ಸಾವಿರ ಡಾಲರ್ ಆಸುಪಾಸು.

ಊರು ಹುಡುಕುವ ಮೊದಲು ನಾನು ಹಾಕಿದ್ದು ಮಗಳ ಲೆಕ್ಕ. 491 ಇದ್ದಷ್ಟು ದಿನ ಅವಳು ಯೂನಿವರ್ಸಿಟಿಗೆ ಸೇರಿದರೆ ಇಂಟರ್‌ನ್ಯಾಷನಲ್ ಫೀಸು. ಸೈನ್ಸ್ ಡಿಗ್ರಿಗೆ ವರ್ಷಕ್ಕೆ 35 ಸಾವಿರ ಡಾಲರಿನ ಮೇಲೆ. ಪಿಆರ್, ಅಂದರೆ ಕಾಯಂ ವಾಸದ ವೀಸಾ, ಬಂದರೆ 9 ಸಾವಿರದ ಹತ್ತಿರ. ಸಿಟಿಜನ್ ಮಕ್ಕಳಿಗೆ ಸಿಗುವ ಸಾಲ ಮಾತ್ರ ಇಲ್ಲ, ಕೈಯಿಂದಲೇ ಕಟ್ಟಬೇಕು. ಪಿಆರ್‌ಗೆ 491 ಕೈಗೆ ಬಂದು ಮೂರು ವರ್ಷ ಆಗಿರಬೇಕು, ಮೂರು ಹಣಕಾಸು ವರ್ಷದ ಟ್ಯಾಕ್ಸ್ ಕಾಗದ ತೋರಿಸಬೇಕು. ಇಲ್ಲಿ ಹಣಕಾಸು ವರ್ಷ ಜುಲೈನಿಂದ ಜೂನ್. ನನ್ನ ವೀಸಾ ಬಂದಿದ್ದು 2021ರ ಆಗಸ್ಟ್‌ನಲ್ಲಿ. 2022ರ ಜನವರಿಗೆ ಬಂದಿಳಿದರೆ ಆ ಜೂನ್‌ಗೆ ಮುಗಿಯುವ ಅರ್ಧ ವರ್ಷವೂ ಒಂದು ವರ್ಷ ಅಂತ ಸೇರುತ್ತೆ ಅಂತ ನನ್ನ ಎಣಿಕೆ.

ತೊಂದರೆ ಒಂದೇ. ಮಗಳ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೆಲವೇ ತಿಂಗಳಿತ್ತು. ಅತ್ತೆ ಕಣ್ಣೀರು ಹಾಕಿದರು. ಮೆಲ್ಬರ್ನ್‌ನಲ್ಲಿರುವ ಭಾವ, "ಹತ್ತನೇ ಕ್ಲಾಸ್ ಸರ್ಟಿಫಿಕೇಟ್ ಇಲ್ಲದೆ ಯಾರಾದ್ರೂ ಬರ್ತಾರಾ?" ಅಂತ ಬೈದರು. ನಾನು ಕೇಳಲಿಲ್ಲ. ಪರೀಕ್ಷೆಗೆ ಕಾದಿದ್ದರೆ ಜೂನ್ ದಾಟುತ್ತಿತ್ತು. ಒಂದು ಹಣಕಾಸು ವರ್ಷ ಕೈಬಿಟ್ಟು ಹೋಗುತ್ತಿತ್ತು. ಇಲ್ಲಿ ಶಾಲೆ ಶುರುವಾಗೋದು ಜನವರಿ ಕೊನೆಗೆ. ಅವಳು ಮತ್ತೆ ಹತ್ತನೇ ಕ್ಲಾಸಿಗೆ, ವರ್ಷದ ಮೊದಲ ದಿನವೇ ಎಲ್ಲರ ಜೊತೆ ಸೇರಿದಳು.

ಇಷ್ಟು ಲೆಕ್ಕ ಹಾಕಿದ ನಾನು ಊರಿನ ವಿಷಯದಲ್ಲಿ ಪೂರ್ತಿ ಎಡವಿದೆ.

ನಾನು ಮಲ್ಪೆ ಕಡೆಯವಳು. ಕಡಲು ನೋಡಿದರೆ ಮನಸ್ಸು ಕರಗುತ್ತದೆ. ಬೆಂಗಳೂರಲ್ಲಿ ಕೂತು ಫೋಟೋ ನೋಡಿ ನೋಡಿ ಕಯಾಮಾದಿಂದ ದಕ್ಷಿಣಕ್ಕೆ, ಸೆವೆನ್ ಮೈಲ್ ಬೀಚ್ ಪಕ್ಕದ ಒಂದು ಸಣ್ಣ ಊರಲ್ಲಿ ಮನೆ ಹಿಡಿದೆವು. ಕಿಟಕಿ ತೆಗೆದರೆ ನೀರು. ಬಾಡಿಗೆ ವಾರಕ್ಕೆ 700 ಡಾಲರ್. ನಾಲ್ಕು ವಾರದ ಬಾಂಡ್, ಅಂದರೆ ಠೇವಣಿ, 2,800, ಎರಡು ವಾರದ ಮುಂಗಡ 1,400. ಸೈಟು ಮಾರಿ ತಂದಿದ್ದು ಸುಮಾರು ಮೂವತ್ತು ಲಕ್ಷ ರೂಪಾಯಿ. ಮೊದಲ ಆರು ತಿಂಗಳಲ್ಲಿ ಹದಿನೆಂಟು ಲಕ್ಷ ಕರಗಿತು.

ನನ್ನ ಕೆಲಸ ವೊಲೊಂಗಾಂಗ್‌ನಲ್ಲಿ, ಹೋಗೋಕೆ ಐವತ್ತು ಕಿಲೋಮೀಟರ್. ಆ ಮಾರ್ಚ್‌ನಲ್ಲಿ ಪೆಟ್ರೋಲ್ ಲೀಟರಿಗೆ ಎರಡು ಡಾಲರ್ ದಾಟಿತು. ಮಳೆ ಬೇರೆ. 2022 ಸಿಡ್ನಿ ಕಡೆ ದಾಖಲೆ ಮಳೆಯ ವರ್ಷ. ಗೋಡೆ, ಚಪ್ಪಲಿ, ಮಗನ ಸ್ಕೂಲ್ ಬ್ಯಾಗು ಎಲ್ಲದರ ಮೇಲೂ ಬೂಷ್ಟು. ಮಲ್ಪೆಯ ಆಷಾಢವನ್ನೇ ಗಂಟು ಕಟ್ಟಿ ತಂದಂತಿತ್ತು. ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಮಗಳ ಮೌನ. ಆ ಊರಿಗೆ ರೈಲಿಲ್ಲ. ಶಾಲೆಯ ಬಸ್ಸು ತಪ್ಪಿದರೆ ಕಥೆ ಮುಗಿಯಿತು. ಗೆಳತಿಯ ಮನೆಗೆ ಹೋಗಬೇಕೆಂದರೆ ನನ್ನ ಶಿಫ್ಟ್ ಮುಗಿಯುವ ತನಕ ಕಾಯಬೇಕು. ಅಲ್ಲಿದ್ದ ಬಹಳಷ್ಟು ಮನೆಗಳು ರಜೆಗೆ ಬರುವವರದ್ದು. ಜೂನ್‌ಗೆ ಇಲ್ಲಿನ ಚಳಿ ಶುರುವಾದ ಮೇಲೆ ಒಂದು ಸಂಜೆ ಅವಳು ಕಿಟಕಿ ಹತ್ತಿರ ನಿಂತು, "ಅಮ್ಮ, ಇಲ್ಲಿ ಸಮುದ್ರ ಬಿಟ್ರೆ ಯಾರೂ ಇಲ್ಲ" ಅಂದಳು. ಹೊರಗೆ ನೋಡಿದೆ. ನಮ್ಮ ಬೀದಿಯಲ್ಲಿ ದೀಪ ಇದ್ದದ್ದು ಮೂರು ಮನೆಯಲ್ಲಿ.

ಅವತ್ತೇ ಬಿಡೋದು ಅಂತ ತೀರ್ಮಾನ ಮಾಡಿದೆ. ಹನ್ನೆರಡು ತಿಂಗಳ ಕರಾರಲ್ಲಿ ಐದು ತಿಂಗಳಾಗಿತ್ತು. ನಾವಿರುವ ರಾಜ್ಯ ನ್ಯೂ ಸೌತ್ ವೇಲ್ಸ್ ನಿಯಮದಲ್ಲಿ ಕರಾರಿನ ಕಾಲು ಭಾಗ ದಾಟಿ, ಅರ್ಧ ಆಗುವ ಮೊದಲು ಬಿಟ್ಟರೆ ಮೂರು ವಾರದ ಬಾಡಿಗೆ ದಂಡ. 2,100 ಡಾಲರ್. ಲಾರಿಗೆ 900. ಪೆಟ್ರೋಲು, ಬೂಷ್ಟು ಹಿಡಿದು ಎಸೆದ ಹಾಸಿಗೆ ಎಲ್ಲ ಸೇರಿ ಆರು ಸಾವಿರ ಡಾಲರ್ ಹತ್ತಿರ ಹೋಯಿತು. ಗಂಡನಿಗೆ ಆಗಷ್ಟೇ ಕೆಲಸ ಸಿಕ್ಕಿತ್ತು. "ಇನ್ನು ಏಳು ತಿಂಗಳು ತಡ್ಕೊಳೋಣ" ಅಂದರು. ನಾನು ಒಪ್ಪಲಿಲ್ಲ. ಇಲ್ಲಿ ಹತ್ತನೇ ಕ್ಲಾಸಿನಲ್ಲಿ, ಜುಲೈ ರಜೆ ಮುಗಿದು ಶುರುವಾಗುವ ಮೂರನೇ ಟರ್ಮ್‌ನಲ್ಲಿ ಮುಂದಿನ ಎರಡು ವರ್ಷದ ವಿಷಯ ಆರಿಸಬೇಕು. ಶಾಲೆ ಬದಲಿಸೋದಾದರೆ ಅದಕ್ಕೂ ಮೊದಲೇ ಆಗಬೇಕು. ಎಚ್‌ಎಸ್‌ಸಿ (ಇಲ್ಲಿನ ಹನ್ನೆರಡನೇ ಕ್ಲಾಸಿನ ಸರ್ಟಿಫಿಕೇಟ್) ಅಂಕದಲ್ಲಿ ಅರ್ಧ ಶಾಲೆಯೊಳಗಿನ ಅಸೆಸ್‌ಮೆಂಟಿನದು. ಹನ್ನೆರಡನೇ ಕ್ಲಾಸಿನ ಪಾಠ ಹನ್ನೊಂದರ ನಾಲ್ಕನೇ ಟರ್ಮ್‌ಗೇ ಶುರುವಾಗಿಬಿಡುತ್ತದೆ. ಆಮೇಲೆ ಮಗುವನ್ನು ಕದಲಿಸೋದು ಬೇಡವೇ ಬೇಡ. ಜುಲೈ ರಜೆಯೇ ನಮಗಿದ್ದ ಕೊನೆಯ ಬಾಗಿಲು.

ಎರಡನೇ ಸಲ ನಾನು ಫೋಟೋ ನೋಡಲಿಲ್ಲ. ಮಕ್ಕಳನ್ನು ಎಣಿಸಿದೆ.

ನನ್ನ ರಜಾ ಶುಕ್ರವಾರಗಳಲ್ಲಿ ಮಧ್ಯಾಹ್ನ ಮೂರರಿಂದ ಐದರವರೆಗೆ ಒಂದೊಂದು ರೈಲ್ವೆ ಸ್ಟೇಷನ್ ಹತ್ತಿರ ಫ್ಲಾಸ್ಕಲ್ಲಿ ಚಹಾ ಇಟ್ಟುಕೊಂಡು ಕೂತೆ. ಕಯಾಮಾ, ಶೆಲ್‌ಹಾರ್ಬರ್ ಜಂಕ್ಷನ್, ಥಿರೌಲ್, ಕೊರಿಮಲ್, ಫೇರಿ ಮೆಡೋ. ಯೂನಿಫಾರ್ಮ್‌ನಲ್ಲಿರುವ ಹೈಸ್ಕೂಲ್ ಮಕ್ಕಳು ಎಷ್ಟು ಜನ ತಾವಾಗಿ ಓಡಾಡುತ್ತಾರೆ ಅಂತ ಪುಸ್ತಕದಲ್ಲಿ ಗೆರೆ ಹಾಕಿದೆ. ಅಪ್ಪ ಅಮ್ಮನ ಕಾರು ಹತ್ತಿದವರನ್ನು ಸೇರಿಸಲಿಲ್ಲ. ರೈಲು ಇಳಿದು ನೇರ ಮನೆಗೆ ಹೋದವರಿಗೆ ಒಂದು ಗೆರೆ. ಅಂಗಡಿ, ಪಾರ್ಕು, ಬೀಚು ಅಂತ ಗುಂಪಾಗಿ ಉಳಿದವರಿಗೆ ಎರಡು. ನಾವಿದ್ದ ಊರಿನ ಬಸ್ ಸ್ಟಾಪಲ್ಲಿ ಎರಡು ಗಂಟೆಗೆ ಬಂದಿದ್ದು ನಾಲ್ಕೋ ಐದೋ ಗೆರೆ. ಕೊರಿಮಲ್‌ನಲ್ಲಿ ಎಪ್ಪತ್ತರ ಮೇಲೆ. ಥಿರೌಲ್‌ನಲ್ಲೂ ಚೆನ್ನಾಗಿಯೇ ಇತ್ತು, ಬಾಡಿಗೆ ನಮ್ಮ ಕೈಗೆ ಎಟುಕಲಿಲ್ಲ. ಆಮೇಲೆ ಮಂಗಳವಾರ ರಾತ್ರಿ ಏಳೂವರೆಗೆ ಅದೇ ಬೀದಿಗಳಲ್ಲಿ ನಿಧಾನಕ್ಕೆ ಕಾರು ಓಡಿಸಿ ದೀಪ ಎಣಿಸಿದೆ. ಚಳಿಗಾಲದ ಮಂಗಳವಾರವೇ ಆಗಬೇಕು. ಬೇಸಿಗೆಯ ಶನಿವಾರ ಎಲ್ಲ ಕಡಲ ಊರೂ ತುಂಬಿದಂತೆಯೇ ಕಾಣುತ್ತದೆ. ಮೂರನೇ ಪರೀಕ್ಷೆಯೊಂದಿದೆ. ತಂಗಿ ಮುಂದಿನ ವರ್ಷ ಬರುವವಳಿದ್ದಾಳೆ, ಅವಳ ಮನೆ ಸಿಗುವವರೆಗೆ ಅದನ್ನು ಹೇಳುವುದಿಲ್ಲ.

ಭಾವ ಇದನ್ನು ಕೇಳಿ ನಕ್ಕರು. ಶಾಲೆಯ ರ‍್ಯಾಂಕ್ ನೋಡಬೇಕು, ಸ್ಟೇಷನ್‌ನಲ್ಲಿ ಕೂತು ಏನು ಸಿಗುತ್ತೆ ಅಂದರು. ರ‍್ಯಾಂಕ್ ನಾನೂ ನೋಡಿದೆ. ವೊಲೊಂಗಾಂಗ್‌ನಲ್ಲಿ ಸ್ಮಿತ್ಸ್ ಹಿಲ್ ಅನ್ನುವ, ಪರೀಕ್ಷೆ ಬರೆದು ಸೇರುವ ಸೆಲೆಕ್ಟಿವ್ ಹೈಸ್ಕೂಲ್ ಇದೆ, ಆದರೆ ಆ ಥರದ ಶಾಲೆಗೆ ಮುಖ್ಯ ಪರೀಕ್ಷೆ ಏಳನೇ ಕ್ಲಾಸಿಗೇ. ದೊಡ್ಡ ಮಕ್ಕಳಿಗೆ ಸೀಟು ಖಾಲಿ ಆದರೆ ಉಂಟು. ಅದನ್ನು ನಂಬಿ ಮನೆ ಹಿಡಿಯೋಕಾಗುತ್ತಾ? ಸರ್ಕಾರಿ ಶಾಲೆ ವಿಳಾಸದ ಮೇಲೆ ಸಿಗುತ್ತದೆ. ಬಾಡಿಗೆ ಕರಾರು, ಕರೆಂಟ್ ಬಿಲ್ಲು ಎಲ್ಲ ಸೇರಿಸಿ ವಿಳಾಸದ ಖಾತ್ರಿಗೆ 100 ಪಾಯಿಂಟ್ ತೋರಿಸಬೇಕು, ಅಷ್ಟೇ.

ಕೊರಿಮಲ್‌ನಲ್ಲಿ ಮನೆ ಸಿಕ್ಕಿದ್ದು ಒಂಬತ್ತನೇ ಅರ್ಜಿಗೆ. ವಾರಕ್ಕೆ 640. ಬೀಚಿಗೆ ನಡೆದರೆ ಇಪ್ಪತ್ತು ನಿಮಿಷ, ಸ್ಟೇಷನ್‌ಗೆ ಎಂಟು. ಕಡಲು ಕಾಣುವುದಿಲ್ಲ, ರಾತ್ರಿ ಗಾಳಿ ತಿರುಗಿದರೆ ಸದ್ದು ಕೇಳುತ್ತದೆ. ಅರ್ಜಿಯ ಜೊತೆ ಮನೆ ಮಾಲೀಕರಿಗೆ ನಾನೊಂದು ಪತ್ರ ಬರೆದಿದ್ದೆ. ಮೊದಲ ಎಂಟು ಅರ್ಜಿಗೆ ಅದು ಇರಲಿಲ್ಲ. ಏನು ಬರೆದೆ ಅನ್ನೋದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮೂರು ವಾರಕ್ಕೆ ಮಗಳು ಶನಿವಾರ ಬೆಳಿಗ್ಗೆ ಹೋದವಳು ಸಂಜೆ ಬಂದಳು. ರೈಲಲ್ಲಿ ನಾರ್ತ್ ವೊಲೊಂಗಾಂಗ್, ಅಲ್ಲಿಂದ ದುಡ್ಡಿಲ್ಲದ ಗಾಂಗ್ ಶಟಲ್ ಬಸ್ಸು, ಗೆಳತಿಯರ ಜೊತೆ ಬೀಚು, ವಾಪಸ್. ನನ್ನನ್ನು ಒಂದು ಸಲವೂ ಕರೆಯಲಿಲ್ಲ. ಅವತ್ತು ಗಂಡನಿಗೆ, "ಆರು ಸಾವಿರ ವಸೂಲಾಯ್ತು" ಅಂದೆ.

ನೀರಿನ ವಿಷಯ ಬಿಡದೆ ಹೇಳಬೇಕು. ಮಲ್ಪೆಯಲ್ಲಿ ಬೆಳೆದ ನನಗೂ ಇಲ್ಲಿನ ಕಡಲು ಹೊಸದು. ರಿಪ್ ಅಂತಾರಲ್ಲ, ದಡದಿಂದ ಕಡಲ ಕಡೆಗೆ ಎಳೆಯುವ ಸೆಳೆತ, ಅದು ಇರುವ ಜಾಗದಲ್ಲಿ ಅಲೆ ಒಡೆಯುವುದೇ ಕಡಿಮೆ. ಹೊಸಬರು ಶಾಂತ ಅಂತ ಅಲ್ಲಿಗೇ ಇಳಿಯುತ್ತಾರೆ. ಕೆಂಪು ಹಳದಿ ಬಾವುಟದ ನಡುವೆ ಮಾತ್ರ ಈಜಬೇಕು. ಬಾವುಟ ಇಲ್ಲದ ಬೀಚಿಗೆ ನನ್ನ ಮಕ್ಕಳು ಇಳಿಯುವುದಿಲ್ಲ. ಹದಿಹರೆಯದವರಿಗೆ ಬರೀ ಬೇಡ ಅಂದರೆ ನಡೆಯುತ್ತಾ? ಇಬ್ಬರನ್ನೂ ಬೀಚು ಕಾಯುವ ಸ್ವಯಂಸೇವಕರ ಸರ್ಫ್ ಲೈಫ್ ಸೇವಿಂಗ್ ಕ್ಲಬ್ಬಿಗೆ ಸೇರಿಸಿದೆ. ಮೆಂಬರ್‌ಶಿಪ್ ತಲೆಗೆ ನೂರು ಡಾಲರ್ ಚಿಲ್ಲರೆ. ಹದಿಮೂರು ತುಂಬಿದವರಿಗೆ ಸರ್ಫ್ ರೆಸ್ಕ್ಯೂ ಸರ್ಟಿಫಿಕೇಟ್, ಹದಿನೈದಕ್ಕೆ ಬ್ರಾಂಜ್ ಮೆಡಾಲಿಯನ್. ಬ್ರಾಂಜ್‌ಗೆ 400 ಮೀಟರನ್ನು ಒಂಬತ್ತು ನಿಮಿಷದೊಳಗೆ ಈಜಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟ್ ಕೊಳದಲ್ಲಿ ಕಲಿತ ಮಗಳಿಗೆ ಮೊದಲ ಸಲ ಹದಿಮೂರು ನಿಮಿಷ ಹಿಡಿಯಿತು. ಕಡಲ ಬಂಡೆಗೆ ಕಟ್ಟಿದ ಉಪ್ಪು ನೀರಿನ ಕೊಳಗಳು ಈ ಕಡೆ ಬೇಕಾದಷ್ಟಿವೆ, ದುಡ್ಡಿಲ್ಲ. ಐದು ತಿಂಗಳು ಅಲ್ಲಿ ಈಜಿ ಎಂಟು ನಿಮಿಷ ನಲವತ್ತಕ್ಕೆ ಇಳಿಸಿದಳು. ಈಗ ಬೇಸಿಗೆಯಲ್ಲಿ ಹಳದಿ ಅಂಗಿ ಹಾಕಿಕೊಂಡು ಕಾವಲಿಗೆ ನಿಲ್ಲುತ್ತಾಳೆ. ಅವಳ ಹತ್ತಿರದ ಗೆಳತಿಯರೆಲ್ಲ ಸಿಕ್ಕಿದ್ದು ಆ ಕ್ಲಬ್ಬಿನಲ್ಲೇ.

ಹಿತ್ತಲಲ್ಲಿ ಬಸಳೆ ಹಾಕಿದ್ದೆ. ಮೊದಲ ವರ್ಷ ಉಪ್ಪುಗಾಳಿಗೆ ಸುಟ್ಟುಹೋಯಿತು. ಎರಡನೇ ವರ್ಷ ಗ್ಯಾರೇಜಿನ ಹಿಂದೆ ಗೋಡೆ ಮರೆಗೆ ಹಾಕಿದೆ, ಏಪ್ರಿಲ್‌ವರೆಗೆ ಬಂತು. ಸೈಕಲ್ ಚೈನಿಗೂ ಇದೇ ಗತಿ, ವಾರಕ್ಕೊಮ್ಮೆ ಸಿಹಿನೀರಲ್ಲಿ ತೊಳೆದು ಎಣ್ಣೆ ಹಾಕದಿದ್ದರೆ ನಾಲ್ಕು ತಿಂಗಳಿಗೆ ತುಕ್ಕು. ಮೀನಿನ ವಿಷಯದಲ್ಲಿ ನನಗೆ ದೊಡ್ಡ ಸಂತೋಷ ಸಿಕ್ಕಿತು. ನಮ್ಮ ಬೂತಾಯಿ ಜಾತಿಯನ್ನು ಇಲ್ಲಿ ಹೆಚ್ಚಾಗಿ ಗಾಳಕ್ಕೆ ಸಿಕ್ಕಿಸಲು ಮಾರುತ್ತಾರೆ. ಆದರೆ ವೈಟಿಂಗ್ ಅಂತ ಒಂದಿದೆ. ಬಾಯಿಗಿಟ್ಟ ತಕ್ಷಣ ನಮ್ಮ ಕಾಣೆ ಮೀನು ಅಂತ ಗೊತ್ತಾಯಿತು. ಹುಡುಕಿ ನೋಡಿದರೆ ನಿಜಕ್ಕೂ ಅದೇ ಕುಲ. ರವೆ ಹಾಕಿ ಹುರಿದು ಅಪ್ಪನಿಗೆ ವೀಡಿಯೋ ಕಾಲ್ ಮಾಡಿ ತೋರಿಸಿದೆ.

2024ರ ಸೆಪ್ಟೆಂಬರ್‌ನಲ್ಲಿ ಪಿಆರ್ ಅರ್ಜಿ ಹಾಕಿದೆವು. ಆ ಮೊದಲ ಅರ್ಧ ವರ್ಷದ ಟ್ಯಾಕ್ಸ್ ಕಾಗದವೂ ನಡೆಯಿತು. ಮಗಳ ಎಚ್‌ಎಸ್‌ಸಿ ಮುಗಿಯಿತು, ವೊಲೊಂಗಾಂಗ್ ಯೂನಿವರ್ಸಿಟಿಯಲ್ಲಿ ಸೀಟು ಬಂತು, ಪಿಆರ್ ಬರಲಿಲ್ಲ. ಜನವರಿ ಪೂರ್ತಿ ನನಗೆ ನಿದ್ದೆ ಇಲ್ಲ. ಯಾರಿಗೆ ಯಾವ ಫೀಸು ಅಂತ ಯೂನಿವರ್ಸಿಟಿ ಗೊತ್ತುಮಾಡುವ ಮಾರ್ಚ್ 31ರ ಸೆನ್ಸಸ್ ದಿನದೊಳಗೆ ಬರಲೇಬೇಕಿತ್ತು. ಫೆಬ್ರವರಿ ಎರಡನೇ ವಾರ ರಾತ್ರಿ ಶಿಫ್ಟ್ ನಡುವೆ ಮೇಲ್ ಬಂತು. ವಾರ್ಡಿನ ಲಿನನ್ ರೂಮಿಗೆ ಹೋಗಿ ಅತ್ತೆ.

ಭಾವ ಈಗ ತಮ್ಮ ಗೆಳೆಯರಿಗೆ ನನ್ನ ನಂಬರ್ ಕೊಡುತ್ತಾರೆ. ಮೂರು ಕುಟುಂಬ ಸ್ಟೇಷನ್ ಎಣಿಕೆ ಮಾಡಿಯೇ ಮನೆ ಹಿಡಿದಿದ್ದಾರೆ. ಒಬ್ಬರು ನ್ಯೂಕ್ಯಾಸಲ್‌ನಲ್ಲಿ, ಇಬ್ಬರು ಇಲ್ಲೇ.

ಮಗ ಈಗ ಹನ್ನೊಂದನೇ ಕ್ಲಾಸು, ಹದಿನಾರು ತುಂಬಿ ಎಲ್ ಬೋರ್ಡ್ ಸಿಕ್ಕಿದೆ. ಲಾಗ್‌ಬುಕ್‌ನಲ್ಲಿ 120 ಗಂಟೆ ತುಂಬಬೇಕು, ಎಪ್ಪತ್ತರ ಹತ್ತಿರ ಆಗಿದೆ. ಭಾನುವಾರ ನಸುಕಿನಲ್ಲಿ ಅವನು ಓಡಿಸುತ್ತಾನೆ, ನಾನು ಪಕ್ಕದಲ್ಲಿ ಕೂರುತ್ತೇನೆ, ವಿಂಡಾಂಗ್‌ಗೆ ಹೋಗುತ್ತೇವೆ, ಕಾಣೆಗೆ ಗಾಳ ಹಾಕಲು. ಹದಿನೆಂಟು ತುಂಬದ ಅವನಿಗೆ ಮೀನು ಹಿಡಿಯುವ ಲೈಸೆನ್ಸ್ ಬೇಡ, ನನ್ನದಕ್ಕೆ ದುಡ್ಡು ಕಟ್ಟಿದ್ದೇನೆ.